ಕಲ್ಲು ಓದಿ ಏನ್ ಮಾಡ್ತೀಯಪ್ಪಾ? ಚಿನ್ನ, ಕಬ್ಬಿಣ, ನೀರು: ನಮ್ಮ ಕಡೆಯ ಭೂವಿಜ್ಞಾನದ ಕಥೆ

ಭಾಗ 1/8 · ಎಲ್ಲರೂ ಕೇಳೋ ಪ್ರಶ್ನೆ

"ಎಂ.ಎಸ್ಸಿ. ಅನ್ವಯಿಕ ಭೂವಿಜ್ಞಾನ" ಅಂದ ಕೂಡಲೇ ದಾವಣಗೆರೆ, ಹರಿಹರ ಕಡೆ ಬರೋ ಮೊದಲ ಮಾತು: "ಕಲ್ಲು ಓದಿ ಏನ್ ಮಾಡ್ತೀಯಪ್ಪಾ?" ಎರಡನೇ ಮಾತು: "ಅದಕ್ಕೆ ಕೆಲಸ ಎಲ್ಲೈತೆ?"

ಕೇಳೋರದ್ದು ತಪ್ಪಲ್ಲ. ಫೀಸ್ ಕಟ್ಟೋರು ಅವರು. ಆದ್ರೆ ಈ ಪ್ರಶ್ನೆಗೆ ಉತ್ತರ ಸಿಗೋದು ಕೆಲಸದ ಜಾಹೀರಾತಿನಲ್ಲಿ ಮಾತ್ರ ಅಲ್ಲ, ನೂರಾರು ವರ್ಷದ ನಮ್ಮದೇ ಇತಿಹಾಸದಲ್ಲಿ ಕೂಡ. ಅದಕ್ಕೇ ಈ ಸರಣಿ.

ಮೊದಲು ಹೆಸರು ಬಿಡಿಸೋಣ. ಭೂಮಿ ಹೇಗಾಯ್ತು, ಯಾವ ಕಲ್ಲು ಯಾವಾಗ ಹುಟ್ಟಿತು ಅಂತ ತಿಳಿಯೋದು ಭೂವಿಜ್ಞಾನ. ಅದೇ ತಿಳುವಳಿಕೆಯನ್ನ ಅದಿರು ಹುಡುಕೋಕೆ, ನೀರಿನ ಜಾಡು ಹಿಡಿಯೋಕೆ, ಅಣೆಕಟ್ಟು, ಸುರಂಗ, ಸೇತುವೆಗೆ ಜಾಗ ನೋಡೋಕೆ ಬಳಸಿದ್ರೆ ಅದು ಅನ್ವಯಿಕ ಭೂವಿಜ್ಞಾನ.

ಇತಿಹಾಸ ನೋಡಿದ್ರೆ ಒಂದು ಲೆಕ್ಕ ಕಾಣುತ್ತೆ. ನಾಡು ನೆಲಕ್ಕೆ ಒಂದು ಪ್ರಶ್ನೆ ಕೇಳುತ್ತೆ, ಆ ಪ್ರಶ್ನೆಯ ಹಿಂದೆ ಭೂವಿಜ್ಞಾನಿಗೆ ಕೆಲಸ ಬರುತ್ತೆ. ಮೊದಲು ಕೇಳಿದ್ದು ಚಿನ್ನ. ಆಮೇಲೆ ಕಬ್ಬಿಣ. ಆಮೇಲೆ ನೀರು. ಈಗಿನ ಪ್ರಶ್ನೆ ಯಾವುದು ಅಂತ ಕೊನೇ ಭಾಗದಲ್ಲಿ ನೋಡೋಣ.

ಭಾಗ 2/8 · ಡಿಗ್ರಿ ಇಲ್ಲದ ಕಾಲದ ಜಾಣರು

ಫೋಟೋ: ಹರಿಹರೇಶ್ವರ ದೇವಸ್ಥಾನದ ಕಂಬ

ಈ ದೇವಸ್ಥಾನ ಕಟ್ಟಿಸಿದ್ದು ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ. ಕಾಲ 1224ರ ಸುಮಾರು. ಕಂಬಗಳನ್ನ ಹತ್ತಿರದಿಂದ ನೋಡಿ. ಕನ್ನಡಿ ಹಾಗೆ ನುಣುಪು, ಸುತ್ತ ಸಣ್ಣ ಸಣ್ಣ ಗೆರೆ. ಇದು ಬಳಪದ ಕಲ್ಲು. ಗ್ರಾನೈಟ್ ಮೇಲೆ ಇಂಥ ಕುಸುರಿ ಕೆಲಸ ತುಂಬಾ ಕಷ್ಟ. ಬಳಪದ ಕಲ್ಲಲ್ಲಿ ಟಾಲ್ಕ್, ಕ್ಲೋರೈಟ್‌ನಂಥ ಮೆತ್ತನೆ ಖನಿಜ ಇರೋದರಿಂದ ಉಳಿಗೆ ಬಗ್ಗುತ್ತೆ. ಯಾವ ಕೆಲಸಕ್ಕೆ ಯಾವ ಕಲ್ಲು ಅನ್ನೋದು ಆ ಶಿಲ್ಪಿಗಳಿಗೆ ಚೆನ್ನಾಗೇ ಗೊತ್ತಿತ್ತು.

ಇನ್ನೊಂದು ಉದಾಹರಣೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ, ಅಂದ್ರೆ ಶಾಂತಿಸಾಗರ. ಅಷ್ಟು ದೊಡ್ಡ ಕೆರೆ, ಆದ್ರೆ ಏರಿ ನೋಡಿದ್ರೆ ಉದ್ದ ಕಡಿಮೆ. ಕಾರಣ ಸರಳ. ಎರಡು ಗುಡ್ಡದ ನಡುವೆ ಹಳ್ಳ ನುಸುಳಿ ಹೋಗೋ ಇಕ್ಕಟ್ಟಿನ ಜಾಗವನ್ನೇ ಆರಿಸಿ ಕಟ್ಟಿದ್ದಾರೆ. ಎರಡೂ ಕಡೆ ಗುಡ್ಡದ ಆಸರೆ, ನಡುವೆ ಕಟ್ಟೋ ಕೆಲಸ ಕಡಿಮೆ, ಹಿಂದೆ ನೀರು ಹರಡೋಕೆ ವಿಶಾಲ ಬಯಲು. ಇವತ್ತು ಅಣೆಕಟ್ಟಿಗೆ ಜಾಗ ನೋಡೋ ಭೂವಿಜ್ಞಾನಿ ಕೂಡ ಮೊದಲು ನೋಡೋದು ಇದನ್ನೇ.

ಆ ಕೆರೆಯಿಂದ ಹೊರಡೋ ಹರಿದ್ರಾ ಹಳ್ಳ ಹರಿಹರದ ಹತ್ತಿರ ತುಂಗಭದ್ರೆಗೆ ಸೇರುತ್ತೆ. ಕೆರೆ ಕಟ್ಟಿದವರ ಲೆಕ್ಕ, ಕಂಬ ಕಡೆದವರ ಲೆಕ್ಕ, ಎರಡೂ ಒಂದೇ ನೀರಿನ ದಾರಿಯಲ್ಲಿವೆ.

ಭಾಗ 3/8 · ನಮ್ಮ ಕಾಲ ಕೆಳಗೆ ಏನಿದೆ?

ದಾವಣಗೆರೆ ಸುತ್ತಮುತ್ತ ಹೆಚ್ಚಾಗಿ ಸಿಗೋ ಕಲ್ಲಿನ ಹೆಸರು ನೈಸ್. (ಹೌದು, ಉಚ್ಚಾರ ಹಂಗೇ. ಜೋಕ್ ಮಾಡಿ ಮುಗಿಸಿಬಿಡಿ.) ಬಿಳಿ, ಕಪ್ಪು ಪಟ್ಟೆ ಇರೋ ಗಟ್ಟಿ ಕಲ್ಲು, ವಯಸ್ಸು ಸುಮಾರು 300 ಕೋಟಿ ವರ್ಷ.

ಹರಿಹರದ ಹತ್ತಿರ ಹೊಳೆ ದಾಟಿ ರಾಣೆಬೆನ್ನೂರು ಕಡೆ ಹೋದ್ರೆ ಕಲ್ಲು ಬದಲಾಗುತ್ತೆ. ಅದು ಗ್ರೇವ್ಯಾಕ್, ಹಳೇ ಸಮುದ್ರದ ತಳದಲ್ಲಿ ಮರಳು, ಕೆಸರು ಒಟ್ಟಿಗೆ ಬಂದು ಕೂತು ಗಟ್ಟಿಯಾದದ್ದು. ಈ ಕಲ್ಲಿನ ಪದರಗಳ ಗುಂಪಿಗೆ ಭೂವಿಜ್ಞಾನಿಗಳು ಇಟ್ಟಿರೋ ಹೆಸರೇ "ರಾಣೆಬೆನ್ನೂರು". ನಮ್ಮ ಬಸ್ ಬೋರ್ಡಲ್ಲಿರೋ ಹೆಸರು ಸಂಶೋಧನಾ ಪ್ರಬಂಧಗಳಲ್ಲೂ ಇದೆ.

ಪೂರ್ವಕ್ಕೆ ಹೋದ್ರೆ ಚಿತ್ರದುರ್ಗದ ಶಿಸ್ಟ್ ಪಟ್ಟಿ. ಅಲ್ಲಿ ಮರಡಿಹಳ್ಳಿಯಲ್ಲಿ ದಿಂಬು ಜೋಡಿಸಿದ ಹಾಗೆ ಕಾಣೋ ಲಾವಾ ಇದೆ. ಲಾವಾ ನೀರೊಳಗೆ ಹರಿದು ಥಟ್ಟನೆ ತಣ್ಣಗಾದ್ರೆ ಮಾತ್ರ ಆ ಆಕಾರ ಬರುತ್ತೆ. ಬರಗಾಲದ ಊರು ಅಂತ ನಾವು ಕರೆಯೋ ಜಾಗ ಒಂದು ಕಾಲಕ್ಕೆ ನೀರಡಿ ಇತ್ತು ಅನ್ನೋಕೆ ಸಾಕ್ಷಿ ಅದು. ಅದನ್ನ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ.

ನೈಸ್ ಬೇರೆ, ಶಿಸ್ಟ್ ಪಟ್ಟಿ ಬೇರೆ. ಈ ವ್ಯತ್ಯಾಸ ನೆನಪಿಟ್ಕೊಳ್ಳಿ. ಮುಂದಿನ ಚಿನ್ನದ ಕಥೆ ಪೂರ್ತಿ ಇದರ ಮೇಲೇ ನಿಂತಿದೆ.

ಭಾಗ 4/8 · ಮೊದಲ ಪ್ರಶ್ನೆ: ಚಿನ್ನ ಎಲ್ಲಿದೆ?

ರಾಬರ್ಟ್ ಬ್ರೂಸ್ ಫೂಟ್ 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ಸೇರಿದ ಇಂಗ್ಲಿಷ್ ಅಧಿಕಾರಿ. 1863ರಲ್ಲಿ ಮದ್ರಾಸ್ ಹತ್ತಿರದ ಪಲ್ಲಾವರಂನಲ್ಲಿ ಆದಿಮಾನವರ ಕಲ್ಲಿನ ಕೊಡಲಿ ಕಂಡುಹಿಡಿದವರೂ ಇವರೇ. ದಕ್ಷಿಣ ಭಾರತ ಸುತ್ತುತ್ತಾ ಅವರು ಒಂದು ವಿಷಯ ಗಮನಿಸಿದ್ರು. ಚಿನ್ನದ ಹಳೇ ಗುಂಡಿಗಳು ಹೆಚ್ಚಾಗಿ ಇರೋದು ನೈಸ್ ಮೇಲಲ್ಲ, ಕಡು ಬಣ್ಣದ ಶಿಸ್ಟ್ ಪಟ್ಟಿಗಳಲ್ಲಿ. ಆ ಪಟ್ಟಿಗಳನ್ನ ಬೇರೆ ಮಾಡಿ "ಧಾರವಾಡ" ಅಂತ ಹೆಸರಿಟ್ಟರು. ಇವತ್ತಿಗೂ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಆ ಹೆಸರು ನಡೀತಿದೆ.

ಅದರ ಬೆಲೆ ಸರ್ಕಾರಕ್ಕೂ ಗೊತ್ತಾಯ್ತು. 1880ರ ದಶಕದಲ್ಲಿ ಕೋಲಾರದಲ್ಲಿ ಜಾನ್ ಟೇಲರ್ ಕಂಪನಿಯ ಗಣಿಗಳು ಚಿನ್ನ ಕೊಡೋಕೆ ಶುರು ಮಾಡಿದ್ವು, ಮೈಸೂರು ಸಂಸ್ಥಾನಕ್ಕೆ ರಾಜಧನ ಬಂತು. ಇಂಥ ನೆಲ ಇನ್ನೆಲ್ಲಿದೆ? ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ, ಮೈಸೂರು ಭೂವಿಜ್ಞಾನ ಇಲಾಖೆ ಹುಟ್ಟಿತು. ಮೊದಲ ಮುಖ್ಯಸ್ಥ ಫೂಟ್. ಆಮೇಲೆ ಬಂದವರು ಡಬ್ಲ್ಯೂ. ಎಫ್. ಸ್ಮೀತ್.

ನಮ್ಮ ಹೊನ್ನಾಳಿ ಕಡೆಯೂ ಹುಡುಕಾಟ ನಡೀತು. ಕುದುರೆಕೊಂಡ ಸುತ್ತ ಹಳೇ ಚಿನ್ನದ ಗುಂಡಿಗಳಿದ್ವು, ಕಂಪನಿಯೂ ಬಂತು. ಆದ್ರೆ ಕೋಲಾರದ ಹಾಗೆ ನಿಲ್ಲಲಿಲ್ಲ. ಚಿನ್ನ "ಇದೆ" ಅನ್ನೋದು ಬೇರೆ, ತೆಗೆದ್ರೆ ಖರ್ಚು ಹುಟ್ಟುತ್ತಾ ಅನ್ನೋದು ಬೇರೆ. ಗಣಿ ಭೂವಿಜ್ಞಾನಿಗೆ ಸಂಬಳ ಕೊಡೋದೇ ಈ ಎರಡನೇ ಲೆಕ್ಕಕ್ಕೆ.

ಇನ್ನೊಂದು ಮುಖ್ಯ ವಿಷಯ: ಬಿಳಿಯ ಅಧಿಕಾರಿಗಳ ಕೈಕೆಳಗೆ ಸೇರಿದ ಇಲ್ಲಿನ ಹುಡುಗರು ಊರೂರು ಸುತ್ತಿ ನಕ್ಷೆ ಬರೆದ್ರು. ಸಂಪತ್ ಅಯ್ಯಂಗಾರ್, ಬಿ. ಜಯರಾಂ, ಬಿ. ರಾಮರಾವ್. ಮುಂದೆ ಇಲಾಖೆ ನಡೆಸಿದ್ದು ನಮ್ಮವರೇ.

ಭಾಗ 5/8 · ಎರಡನೇ ಪ್ರಶ್ನೆ: ಕಬ್ಬಿಣ

ಚಿನ್ನದ ದುಡ್ಡು ಬಂತು, ಆದ್ರೆ ಕಾರ್ಖಾನೆಗೆ ಕಬ್ಬಿಣ ಬೇಕಲ್ಲ? ವಿಶ್ವೇಶ್ವರಯ್ಯನವರ ಕನಸು, 1923ರಲ್ಲಿ ಭದ್ರಾವತಿ ಕಾರ್ಖಾನೆ ಶುರು. ಅದಿರು ಕೆಮ್ಮಣ್ಣುಗುಂಡಿಯಿಂದ. ಕಲ್ಲಿದ್ದಲು ನಮ್ಮಲ್ಲಿಲ್ಲ, ಹಾಗಾಗಿ ಮಲೆನಾಡಿನ ಕಟ್ಟಿಗೆಯ ಇದ್ದಿಲಲ್ಲೇ ಕುಲುಮೆ ಉರಿಸಿದ್ರು. ಅದಿರು ಎಷ್ಟಿದೆ, ಅದರಲ್ಲಿ ಕಬ್ಬಿಣ ಎಷ್ಟು, ಸುಣ್ಣದ ಕಲ್ಲು ಎಲ್ಲಿ ಸಿಗುತ್ತೆ ಅಂತ ಮೊದಲು ಲೆಕ್ಕ ಕೊಟ್ಟಿದ್ದು ಬೆಟ್ಟ ಹತ್ತಿ ಇಳಿದ ಭೂವಿಜ್ಞಾನಿಗಳು.

1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಬಂತು. ಲೇಥ್ ಮಷಿನ್ ಮಾಡೋ ಕಾರ್ಖಾನೆ. ನಮ್ಮಲ್ಲಿ ಎಷ್ಟೋ ಜನರ ಅಜ್ಜ, ಅಪ್ಪ ಅಲ್ಲಿ ದುಡಿದವರು. ಎರಕದ ಕಬ್ಬಿಣ ಇಲ್ಲದೆ ಲೇಥ್ ಇಲ್ಲ, ಅದಿರು ಇಲ್ಲದೆ ಎರಕ ಇಲ್ಲ.

ಆದ್ರೆ ಕಬ್ಬಿಣದ ಕಥೆಗೆ ಕಹಿ ಅಧ್ಯಾಯವೂ ಇದೆ. 2000ದ ನಂತರ ಅದಿರಿನ ರಫ್ತು ಏರಿತು, ಬಳ್ಳಾರಿಯಲ್ಲಿ ಅಕ್ರಮ ಗಣಿಗಾರಿಕೆ ಎಲ್ಲೆ ಮೀರಿತು. 2011ರಲ್ಲಿ ಲೋಕಾಯುಕ್ತ ವರದಿ ಬಂತು. ಅದೇ ವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿ, ಆಮೇಲೆ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಗಣಿಗಾರಿಕೆ ನಿಲ್ಲಿಸಿತು. ಗಣಿ ನಿಂತ್ರೆ ಗಣಿಯ ಕೆಲಸವೂ ನಿಲ್ಲುತ್ತೆ.

ಓದೋರಿಗೆ ಇದರಲ್ಲಿ ಪಾಠ ಇದೆ. ಒಂದೇ ಅದಿರು ನಂಬಿ ಕೂರಬಾರದು. ಗಡಿ ಎಲ್ಲಿ, ಎಷ್ಟು ತೆಗೆಯಬಹುದು ಅಂತ ಪ್ರಾಮಾಣಿಕವಾಗಿ ಅಳೆಯೋದೂ ಭೂವಿಜ್ಞಾನಿಯ ಕೆಲಸವೇ.

ಭಾಗ 6/8 · ಮೂರನೇ ಪ್ರಶ್ನೆ: ನೀರು

ಬಿ. ಪಿ. ರಾಧಾಕೃಷ್ಣ (1918–2012). ಬೆಂಗಳೂರಿನ ಸೆಂಟ್ರಲ್ ಕಾಲೇಜಲ್ಲಿ ಓದಿ 1937ರಲ್ಲಿ ಇಲಾಖೆ ಸೇರಿದವರು. 1958ರಲ್ಲಿ ಬೆಂಗಳೂರಲ್ಲಿ ಜಿಯಲಾಜಿಕಲ್ ಸೊಸೈಟಿ ಆಫ್ ಇಂಡಿಯಾ ಹುಟ್ಟೋಕೆ ಮುಖ್ಯ ಕಾರಣರಾದವರು. ಆಮೇಲೆ ಇಲಾಖೆಯ ನಿರ್ದೇಶಕರಾದ್ರು. ಅದಿರಿನ ಇಲಾಖೆ ಅಂತಲೇ ಹೆಸರಾಗಿದ್ದ ಜಾಗದಲ್ಲಿ ಅಂತರ್ಜಲಕ್ಕೇ ಒಂದು ವಿಭಾಗ ಬೆಳೆದದ್ದು ಅವರ ಕಾಲದಲ್ಲಿ. 1991ರಲ್ಲಿ ಪದ್ಮಶ್ರೀ ಬಂತು.

ನಮ್ಮ ಜಿಲ್ಲೆಗೆ ಈ ಪ್ರಶ್ನೆ ಎಷ್ಟು ಹತ್ತಿರದ್ದು ಅಂತ ಹೇಳಬೇಕಿಲ್ಲ. ಭದ್ರಾ ಚಾನಲ್ ನೀರು ಬರೋ ಕಡೆ ಭತ್ತ. ಬರದ ಜಗಳೂರಲ್ಲಿ ಬೋರೇ ಗತಿ. ಚನ್ನಗಿರಿಯ ಎಷ್ಟೋ ಅಡಿಕೆ ತೋಟಗಳಿಗೂ ಬೋರೇ ಗತಿ.

ಬೋರ್ ಯಾಕೆ ಫೇಲ್ ಆಗುತ್ತೆ? ನೈಸ್, ಗ್ರಾನೈಟ್ ಕಲ್ಲಿಗೆ ನೀರು ಹಿಡಿಯೋ ರಂಧ್ರ ಇಲ್ಲ. ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ ಒಂದಷ್ಟು ನೀರು ನಿಲ್ಲುತ್ತೆ. ಅದರ ಕೆಳಗೆ ಇದ್ರೆ ಬಿರುಕುಗಳಲ್ಲಿ ಮಾತ್ರ. ಬಿರುಕು ಸಿಕ್ಕಿದವರಿಗೆ ಎರಡು ಇಂಚು ನೀರು, ಹತ್ತು ಮಾರು ಆಚೆ ಕೊರೆಸಿದವರಿಗೆ ಬರೀ ಧೂಳು. ಪಕ್ಕದ ಹೊಲದಲ್ಲಿ ಬಿತ್ತು ಅಂತ ನಮ್ಮಲ್ಲೂ ಬೀಳಬೇಕು ಅಂತಿಲ್ಲ.

ಆದ್ರೂ ಪಾಯಿಂಟ್ ಮಾಡಿಸೋದು ಹೇಗೆ? ಅಂಗೈ ಮೇಲೆ ತೆಂಗಿನಕಾಯಿ, ಇಲ್ಲಾ ಬೇವಿನ ಕವಲು ಕಡ್ಡಿ. ಭೂವಿಜ್ಞಾನಿ ಮಾಡೋದು ಬೇರೆ. ಉಪಗ್ರಹ ಚಿತ್ರದಲ್ಲಿ ಬಿರುಕಿನ ಉದ್ದ ಗೆರೆ ಹುಡುಕ್ತಾರೆ, ಸುತ್ತಲ ಬಾವಿಗಳ ಆಳ ಕೇಳಿ ಬರೀತಾರೆ, ನೆಲಕ್ಕೆ ಕರೆಂಟ್ ಹಾಯಿಸಿ ಎಷ್ಟು ತಡೆಯುತ್ತೆ ಅಂತ ಅಳೀತಾರೆ. ಒದ್ದೆ ಪದರ ಕರೆಂಟನ್ನ ಸುಲಭವಾಗಿ ಬಿಡುತ್ತೆ, ಒಣ ಗಟ್ಟಿ ಕಲ್ಲು ತಡೆಯುತ್ತೆ. ಇದೂ ನೂರಕ್ಕೆ ನೂರು ಗ್ಯಾರಂಟಿ ಅಲ್ಲ. ಆದ್ರೆ ಸಾಲ ಮಾಡಿ ಕೊರೆಸೋ ರೈತನಿಗೆ ಒಂದು ಆಧಾರ ಸಿಗುತ್ತೆ.

ನೀರು ಬಿದ್ದ ಮೇಲೂ ಕೆಲಸ ಮುಗಿಯಲ್ಲ. ಗ್ರಾನೈಟ್, ನೈಸ್ ಕಲ್ಲಿನ ಕೆಲವು ಖನಿಜಗಳಿಂದ ಫ್ಲೋರೈಡ್ ನೀರಿಗೆ ಸೇರುತ್ತೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನ ವರ್ಷಗಟ್ಟಲೆ ಕುಡಿದ್ರೆ ಹಲ್ಲು ಕಂದಾಗುತ್ತೆ, ಇನ್ನೂ ಹೆಚ್ಚಿದ್ರೆ ಮೂಳೆ ಹಿಡಿಯುತ್ತೆ. ಅದನ್ನ ಮೊದಲೇ ಗುರುತಿಸೋದೂ ಇದೇ ವಿದ್ಯೆ.

ಭಾಗ 7/8 · ಓದು ಎಲ್ಲಿ, ಕೆಲಸ ಎಲ್ಲಿ?

ದಾವಣಗೆರೆಗೆ 1979ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಬಂತು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಆದಾಗ ನಾವು ಅದರ ಕೆಳಗೆ. 2009ರಲ್ಲಿ ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ನಮ್ಮದೇ ದಾವಣಗೆರೆ ವಿಶ್ವವಿದ್ಯಾಲಯ. ಅನ್ವಯಿಕ ಭೂವಿಜ್ಞಾನ ವಿಭಾಗ ಇರೋದು ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟದಲ್ಲಿ. ಬಸ್ಸಲ್ಲಿ ಹೋಗ್ತಾ ಸೂಳೆಕೆರೆಯ ಚನ್ನಗಿರಿ ಬರುತ್ತೆ, ಕಬ್ಬಿಣದ ಭದ್ರಾವತಿ ಬರುತ್ತೆ, ಕ್ಯಾಂಪಸ್ ಹತ್ತಿರವೇ ಭದ್ರಾ ಅಣೆಕಟ್ಟು. ನಮ್ಮ ಗದ್ದೆಗೆ ನೀರು ಬರೋದು ಅಲ್ಲಿಂದಲೇ. ಅರ್ಧ ಸಿಲಬಸ್ ಕಿಟಕಿಯಲ್ಲೇ ಮುಗೀತು ಅಂದ್ಕೊಳ್ಳಿ.

ಓದೋದು: ಖನಿಜ, ಶಿಲೆ, ಪದರಗಳ ರಚನೆ, ಅಂತರ್ಜಲ, ಗಣಿ, ಉಪಗ್ರಹ ಚಿತ್ರ, ಜಿಐಎಸ್. ಜೊತೆಗೆ ಬಿಸಿಲಲ್ಲಿ ಫೀಲ್ಡ್. ಕೈಯಲ್ಲಿ ಸುತ್ತಿಗೆ, ಲೆನ್ಸ್, ಬ್ರಂಟನ್ ದಿಕ್ಸೂಚಿ.

ಕೆಲಸ:
• ಯುಪಿಎಸ್‌ಸಿ ಕಂಬೈನ್ಡ್ ಜಿಯೋ-ಸೈಂಟಿಸ್ಟ್ ಪರೀಕ್ಷೆ. ಪಾಸಾದ್ರೆ 1851ರಲ್ಲಿ ಶುರುವಾದ ಸರ್ವೇಕ್ಷಣಾ ಸಂಸ್ಥೆಯಲ್ಲಿ ಭೂವಿಜ್ಞಾನಿ, ಇಲ್ಲಾ ಕೇಂದ್ರೀಯ ಅಂತರ್ಜಲ ಮಂಡಳಿಯಲ್ಲಿ ವಿಜ್ಞಾನಿ.
• ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ, ಅಂತರ್ಜಲ ಇಲಾಖೆ.
• ಹಟ್ಟಿ ಚಿನ್ನದ ಗಣಿ, ದೋಣಿಮಲೈನ ಎನ್‌ಎಂಡಿಸಿ, ಒಎನ್‌ಜಿಸಿ. ಗಣಿಗಳು ಭೂವಿಜ್ಞಾನಿಯನ್ನ ಇಟ್ಕೊಳ್ಳಬೇಕು ಅಂತ ಕೇಂದ್ರದ ನಿಯಮವೇ ಇದೆ.
• ಸುರಂಗ, ಮೆಟ್ರೋ, ಅಣೆಕಟ್ಟು, ಜಿಐಎಸ್ ಕಂಪನಿ, ಸ್ವಂತ ಅಂತರ್ಜಲ ಸರ್ವೆ.
• ನೆಟ್, ಕೆ-ಸೆಟ್ ಮಾಡಿ ಪಾಠ ಹೇಳೋದು.

ಹುಡುಗೀರಿಗೆ ಒಂದು ಮಾತು. 1952ರ ಗಣಿ ಕಾಯ್ದೆ ನೆಲದಡಿಯ ಗಣಿಯಲ್ಲಿ ಹೆಣ್ಮಕ್ಕಳು ಕೆಲಸ ಮಾಡೋದನ್ನ ತಡೆದಿತ್ತು. 2019ರಲ್ಲಿ ಕೇಂದ್ರ ಸರ್ಕಾರ ತಾಂತ್ರಿಕ, ಮೇಲ್ವಿಚಾರಣೆ ಹುದ್ದೆಗಳಿಗೆ ಹಗಲು ಹೊತ್ತಲ್ಲಿ ಆ ಬಾಗಿಲು ತೆರೆಯಿತು. "ಅದು ಗಂಡಸರ ಕೆಲಸ" ಅನ್ನೋರಿಗೆ ಈ ಇಸವಿ ಹೇಳಿ.

ಸಿಹಿ ಮಾತ್ರ ಹೇಳಿದ್ರೆ ಮೋಸ ಆಗುತ್ತೆ. ಸರ್ಕಾರಿ ಹುದ್ದೆ ಕಡಿಮೆ, ರಾಜ್ಯದ ನೇಮಕಾತಿ ಪ್ರತಿ ವರ್ಷ ಆಗಲ್ಲ. ಖಾಸಗಿಯಲ್ಲಿ ಶುರುವಿನ ಸಂಬಳ ಸಾಧಾರಣ, ಊರು ಬಿಟ್ಟು ಇರಬೇಕು. ಇದು ತಿಳಿದೂ ಬರ್ತೀನಿ ಅನ್ನೋರಿಗೆ ಈ ಓದು.

ಭಾಗ 8/8 · ಈಗಿನ ಪ್ರಶ್ನೆ

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಹರಿಹರದ ಕಿರ್ಲೋಸ್ಕರ್ ಕೂಡ ನಿಂತುಹೋಯ್ತು. ಚಿನ್ನ, ಕಬ್ಬಿಣ ಏರುತ್ತೆ, ಇಳಿಯುತ್ತೆ. ನೀರಿನ ಪ್ರಶ್ನೆ ಮಾತ್ರ ಇಳಿದೇ ಇಲ್ಲ. ಅದರ ಜೊತೆಗೆ ಮರಳು: ತುಂಗಭದ್ರೆಯಿಂದ ಎಷ್ಟು ತೆಗೆದ್ರೆ ಹೊಳೆ ತಡ್ಕೊಳುತ್ತೆ? ಮಳೆಗಾಲದಲ್ಲಿ ಹೊಳೆ ಎಷ್ಟು ಮರಳು ತಂದು ಹಾಕುತ್ತೋ ಅದಕ್ಕಿಂತ ಹೆಚ್ಚು ಎತ್ತಿದ್ರೆ ಪಾತ್ರ ಆಳ ಆಗುತ್ತೆ, ದಡದ ಬಾವಿಗಳ ನೀರು ಕೆಳಗಿಳಿಯುತ್ತೆ. ಇದನ್ನ ಅಳೆದು ಹೇಳೋರು ಬೇಕು.

1894ರಲ್ಲಿ ಮೈಸೂರಿಗೆ ನೆಲ ಓದೋಕೆ ಇಂಗ್ಲೆಂಡಿನವರು ಬೇಕಾಯ್ತು. ಮುಂದಿನ ತಲೆಮಾರಲ್ಲಿ ನಮ್ಮವರೇ ಓದಿದ್ರು. ಈಗ ಜಗಳೂರಿನ ನೆಲ ಜಗಳೂರಿನ ಹುಡುಗ, ಹುಡುಗಿಯೇ ಓದೋ ಕಾಲ ಬರಬೇಕು. ಊರಿನ ಹಳ್ಳ, ಹಳೇ ಬಾವಿ, ಬತ್ತಿದ ಬೋರ್ ಎಲ್ಲಾ ಗೊತ್ತಿರೋರಿಗೆ ಆ ವಿದ್ಯೆಯೂ ಬಂದ್ರೆ, ರೈತ ಸಾಲ ಮಾಡೋಕೆ ಮುಂಚೆ ಕೇಳೋಕೆ ಒಬ್ಬರು ಸಿಕ್ಕಂಗಾಗುತ್ತೆ.

ಅದಕ್ಕೇ "ಕೆಲಸ ಎಲ್ಲೈತೆ?" ಅಂತ ಕೇಳಿದವರಿಗೆ ನಮ್ಮ ಹೊಲದ ಬೋರ್ ತೋರಿಸಿ.

ಈಗ ನಿಮ್ಮ ಸರದಿ. ಇವತ್ತು ಮನೇಲಿ ಅಜ್ಜನ್ನೋ ಅಪ್ಪಾಜಿನ್ನೋ ಕೇಳಿ: ನಮ್ಮ ಬೋರ್ ಪಾಯಿಂಟ್ ಮಾಡಿದ್ದು ಯಾರು? ಎಷ್ಟು ಅಡಿ? ಎಷ್ಟು ಇಂಚು? ಎಷ್ಟು ವರ್ಷ ನೀರು ಕೊಡ್ತು? ಊರಿನ ಹೆಸರು ಹಾಕಿ ಕಮೆಂಟ್ ಮಾಡಿ. ಬಿ.ಎಸ್ಸಿ. ಮುಗಿಸ್ತಿರೋ ಫ್ರೆಂಡ್ ಇದ್ರೆ ಟ್ಯಾಗ್ ಮಾಡಿ, ಸೇವ್ ಮಾಡ್ಕೊಳ್ಳಿ.

#ದಾವಣಗೆರೆ #ಹರಿಹರ #ಭೂವಿಜ್ಞಾನ #ನಮ್ಮನೆಲ #ಕಲ್ಲಿನಕಥೆ