ಗಣಕಯಂತ್ರದಲ್ಲಿ ಕನ್ನಡದ ಲಿಪಿ

ಮಲ್ಲಂದೂರಿನಂತಹ ಮಲೆನಾಡಿನ ಊರುಗಳಲ್ಲಿ ಇಂದು ಗಣಕಯಂತ್ರದಲ್ಲಿ ಕನ್ನಡ ಬರೆಯುವುದು ಸುಲಭವಾಗಿದ್ದರೂ, ಈ ಸೌಕರ್ಯವು ತಾನಾಗಿ ಒದಗಿದುದಲ್ಲ. ಕಿನ್ನಿಕಂಬಳ ಪದ್ಮನಾಭ ರಾಯರು ಉಚ್ಚಾರಣೆಯನ್ನೇ ಅನುಸರಿಸಿ ಕೀಲಿಮಣೆಯನ್ನು ರಚಿಸಿದರು. ಅದರಲ್ಲಿ ಎರಡು ವ್ಯಂಜನಗಳ ನಡುವೆ ಎಫ್ ಕೀಲಿಯನ್ನು ಒತ್ತಿದರೆ ಒತ್ತಕ್ಷರವು ಮೂಡುತ್ತದೆ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ವೂ, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಬಂದವು. ಇದೇ ಜಿಲ್ಲೆಯ ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶಕ್ಕಾಗಿ ಬಹುವಾಗಿ ಶ್ರಮಿಸಿ 2007ರಲ್ಲಿ ಕಾಲವಾದರು.

ಆದರೆ ತಂತ್ರಾಂಶಗಳ ಅಕ್ಷರಸಂಕೇತಗಳು ಬೇರೆಬೇರೆಯಾಗಿದ್ದುದರಿಂದ, ಒಬ್ಬರು ಬರೆದುದು ಇನ್ನೊಬ್ಬರ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ತೋರುತ್ತಿತ್ತು. 1991ರ ಯೂನಿಕೋಡಿನಲ್ಲಿಯೇ ಕನ್ನಡಕ್ಕೆ ಸ್ಥಾನವಿದ್ದರೂ ಅದು ಬಳಕೆಗೆ ಬರಲು ವರ್ಷಗಳೇ ಹಿಡಿದವು. ಹಳೆಯ ಕಡತಗಳುಳ್ಳವರು ಅವನ್ನು ಪರಿವರ್ತಕದ ನೆರವಿನಿಂದ ಯೂನಿಕೋಡಿಗೆ ತಂದಿಡುವುದು ಲೇಸು. ಓದಲಾಗದ ಬರಹವು ಗೆದ್ದಲು ತಿಂದ ಓಲೆಗರಿಗೆ ಸಮಾನವಷ್ಟೆ.