ಎರಡು ಜೀವದ ದಣಿವು

ಹೈದರಾಬಾದಿನ ಕಾಚಿಗುಡದಲ್ಲಿ ತಲೆಮಾರುಗಳಿಂದ ನೆಲೆಸಿರುವ ಬೀದರ, ಕಲಬುರಗಿ ಕಡೆಯ ಕನ್ನಡ ಕುಟುಂಬಗಳಲ್ಲಿ, ಮುಟ್ಟು ನಿಂತು ಇನ್ನೂ ಎರಡು ತಿಂಗಳು ತುಂಬದ ಸೊಸೆಯು ಹಗಲು ಹನ್ನೊಂದು ಗಂಟೆಗೇ ಹಿಟ್ಟಿನ ಕೈಯಲ್ಲಿ ಅಡುಗೆಮನೆಯ ಗೋಡೆಗೊರಗಿ ಕಣ್ಣು ಮುಚ್ಚಿದಳೆಂದರೆ, ಅತ್ತೆಯಾದವಳು ‘ಎರಡು ಜೀವದಾಕಿ, ಒಂದೀಟು ಅಡ್ಡಾಗ್ಲಿ ಬಿಡ್ರಿ’ ಎಂದು ಉಳಿದ ರೊಟ್ಟಿಗಳನ್ನು ತಾನೇ ಬಡಿಯುವುದುಂಟು. ಹದಿನೈದು ದಿನ ಕಳೆದು ಅದೇ ದೃಶ್ಯ ಮರುಕಳಿಸಿದಾಗ ‘ನಾವೇನು ಹಡೀಲಿಲ್ಲೇನು?’ ಎಂದು ಗೊಣಗುವುದೂ ಉಂಟು. ಮರುಕ, ಉಪೇಕ್ಷೆ ಈ ಎರಡರ ನಡುವೆ ತೂಗಾಡಿದುದು ಆ ಮನೆಯೊಂದೇ ಅಲ್ಲ. ಗರ್ಭದ ಮೊದಲ ಮೂರು ತಿಂಗಳ ಆಯಾಸವನ್ನೂ ನಿದ್ರಾಭಂಗವನ್ನೂ ಕುರಿತು ವೈದ್ಯಶಾಸ್ತ್ರವೂ ಹೀಗೆಯೇ ತೂಗಾಡುತ್ತ ಬಂದಿದೆ. ಬಸಿರಿನಲ್ಲಿ ಎಲ್ಲಕ್ಕಿಂತ ಮೊದಲು ಬರುವ ಲಕ್ಷಣಗಳಲ್ಲೊಂದಾದ ಈ ದಣಿವು, ಆಧುನಿಕ ಶಾಸ್ತ್ರದ ಲಕ್ಷ್ಯಕ್ಕೆ ಮಾತ್ರ ತೀರ ತಡವಾಗಿ ಬಂದಿತು.

ಪ್ರಾಚೀನರು ಇದನ್ನು ಕಾಣದೆ ಇರಲಿಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನವು ಆಗತಾನೆ ಗರ್ಭ ನಿಂತವಳ ಚಿಹ್ನೆಗಳನ್ನು ಎಣಿಸುವಾಗ ಮೊದಲಿಗೆ ಹೇಳುವುದೇ ಶ್ರಮವನ್ನು; ಅನಂತರ ಗ್ಲಾನಿ, ಬಾಯಾರಿಕೆ, ತೊಡೆಗಳ ಸೋಲು. ಗರ್ಭಿಣಿಗೆ ರಾತ್ರಿಯ ಜಾಗರಣೆಯನ್ನೂ ಹಗಲು ನಿದ್ರೆಯನ್ನೂ ಆ ಗ್ರಂಥ ಒಟ್ಟಿಗೇ ನಿಷೇಧಿಸುತ್ತದೆ. ಚರಕಸಂಹಿತೆಯಾದರೋ ಮೊದಲ ತಿಂಗಳಿಗೆ ತಣ್ಣನೆಯ ಹಾಲನ್ನೂ ಮೂರನೆಯ ತಿಂಗಳಿಗೆ ಜೇನು, ತುಪ್ಪಗಳು ಕೂಡಿದ ಹಾಲನ್ನೂ ವಿಧಿಸಿದೆ. ಗರ್ಭಿಣಿಗೆ ಎರಡು ಹೃದಯಗಳೆಂಬ ಭಾವನೆಯಿಂದ ಹುಟ್ಟಿದ ‘ದೌಹೃದಿನಿ’ ಎಂಬ ಹೆಸರಿಗೂ ಅತ್ತೆಯ ‘ಎರಡು ಜೀವದಾಕಿ’ ಎಂಬ ಮಾತಿಗೂ ಹತ್ತಿರದ ನಂಟು. ಆದರೆ ಈ ದಣಿವು ಏಕೆ ಬರುತ್ತದೆಂಬ ಪ್ರಶ್ನೆಯ ಉತ್ತರಕ್ಕಾಗಿ ಇಪ್ಪತ್ತನೆಯ ಶತಮಾನದವರೆಗೆ ಕಾಯಬೇಕಾಯಿತು.

ಉತ್ತರದ ಮೊದಲ ಎಳೆ ದೊರೆತುದು ರಕ್ತದಲ್ಲಿ; ರಕ್ತ ಸೊರಗಿದರೆ ದಣಿವು ತಪ್ಪದು. 1928ರ ಸುಮಾರಿಗೆ ಮುಂಬಯಿಗೆ ಬಂದ ಆಂಗ್ಲ ವೈದ್ಯೆ ಲೂಸಿ ವಿಲ್ಸ್, ಬಟ್ಟೆಯ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಗರ್ಭಿಣಿಯರಲ್ಲಿ ಕಂಡುಬರುತ್ತಿದ್ದ ತೀವ್ರ ರಕ್ತಹೀನತೆಯ ಮೂಲವನ್ನು ಅರಸಿದರು. ಕೆಲಕಾಲ ಕೂನೂರಿನ ಪ್ರಯೋಗಶಾಲೆಯಲ್ಲಿಯೂ ಕೆಲಸ ಮಾಡಿದರು. ಅಗ್ಗದ ಯೀಸ್ಟ್ ಸಾರವಾದ ಮಾರ್ಮೈಟಿನಿಂದ ಆ ವ್ಯಾಧಿ ಗುಣವಾಗುವುದೆಂದು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ಸತ್ತ್ವವೇ ಮುಂದೆ ಫೋಲಿಕ್ ಆಮ್ಲವೆಂದು ಪ್ರಸಿದ್ಧವಾಯಿತು. ಅದೇ ಕೂನೂರಿನಲ್ಲಿ 1918ರಲ್ಲಿ ವೈದ್ಯ ರಾಬರ್ಟ್ ಮೆಕ್ಯಾರಿಸನ್ ಬೆರಿಬೆರಿ ರೋಗದ ಶೋಧಕ್ಕೆಂದು ಆರಂಭಿಸಿದ್ದ ಪುಟ್ಟ ಘಟಕವು ಬೆಳೆದು, 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು, 1969ರಲ್ಲಿ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯೆಂಬ ಹೆಸರನ್ನು ತಳೆಯಿತು; ತಾರ್ನಾಕದಲ್ಲಿ ಇಂದಿಗೂ ನಿಂತಿರುವುದು ಅದೇ. ಮರುವರ್ಷವೇ, ಅಂದರೆ 1970ರಲ್ಲಿ, ಭಾರತ ಸರ್ಕಾರವು ಗರ್ಭಿಣಿಯರಿಗೆ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲಗಳ ಮಾತ್ರೆಯನ್ನು ಹಂಚುವ ಕಾರ್ಯಕ್ರಮವನ್ನು ಕೈಗೊಂಡಿತು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಶೇಕಡ 52.2 ಮಂದಿ ರಕ್ತಹೀನರೆಂದು ಕಂಡುಬಂದುದು, ಮಾತ್ರೆ ಹಂಚುವುದಕ್ಕೂ ರಕ್ತ ತುಂಬುವುದಕ್ಕೂ ಇರುವ ಅಂತರವನ್ನು ತೋರಿಸುತ್ತದೆ.

ಎರಡನೆಯ ಎಳೆ ಹಾರ್ಮೋನುಗಳದು. 1929ರಲ್ಲಿ ಅಮೆರಿಕದ ಕಾರ್ನರ್ ಮತ್ತು ಆಲೆನ್ ಗರ್ಭವನ್ನು ಕಾಪಾಡುವ ಸ್ರಾವವೊಂದು ಅಂಡಾಶಯದಿಂದ ಹೊರಡುವುದೆಂದು ತೋರಿಸಿದರು. 1934ರಲ್ಲಿ ನಾಲ್ಕು ತಂಡಗಳು ಬೇರೆಬೇರೆಯಾಗಿ ಅದನ್ನು ಶುದ್ಧರೂಪದಲ್ಲಿ ಪಡೆದವು. ಅದೇ ಪ್ರೊಜೆಸ್ಟರೋನ್. ಗರ್ಭವನ್ನು ಕಾಯುವ ಈ ವಸ್ತುವೇ ತೂಕಡಿಕೆಯನ್ನೂ ತರಬಲ್ಲುದೆಂಬುದು, ವಿಜ್ಞಾನಿ ಹ್ಯಾನ್ಸ್ ಸೆಲ್ಯೆ 1941ರಲ್ಲಿ ಅದರ ದೊಡ್ಡ ಪ್ರಮಾಣವನ್ನು ಇಲಿಗಳಿಗೆ ಕೊಟ್ಟು ಅವು ಮಂಪರಿಗೆ ಬಿದ್ದುದನ್ನು ವರದಿ ಮಾಡಿದಾಗ ಗೋಚರವಾಯಿತು. ಬಸುರಿಯ ಹಗಲುನಿದ್ದೆ ಸೋಮಾರಿತನವಲ್ಲ, ಗರ್ಭವನ್ನು ಉಳಿಸಿಕೊಳ್ಳುವ ಕಾರ್ಯದ ಒಂದು ಅಂಗ ಎನ್ನುವುದಕ್ಕೆ ಇದಕ್ಕಿಂತ ಮಿಗಿಲಾದ ಸಮರ್ಥನೆ ಬೇಕಿಲ್ಲ.

ಕಾರಣ ತಿಳಿಯುತ್ತಿದ್ದ ಕಾಲದಲ್ಲಿಯೇ ಪರಿಹಾರದ ಆತುರವು ಘೋರವಾದ ಪ್ರಮಾದವೊಂದನ್ನು ತಂದಿತು. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿರಪಾಯಕರವಾದ ನಿದ್ರೌಷಧವೆಂದು ಮಾರಾಟಕ್ಕೆ ಬಂದ ಥಾಲಿಡೊಮೈಡ್ ಮಾತ್ರೆಯನ್ನು, ನಿದ್ರೆಗೂ ವಾಕರಿಕೆಗೂ ಸೇವಿಸಿದ ಗರ್ಭಿಣಿಯರ ಮಕ್ಕಳು ಕೈಕಾಲುಗಳು ಮೊಟಕಾಗಿ ಹುಟ್ಟಿದವು. 1961ರ ಕೊನೆಗೆ ಲೆಂಜ್ ಮತ್ತು ಮೆಕ್‌ಬ್ರೈಡ್ ಎಂಬ ವೈದ್ಯರ ಎಚ್ಚರಿಕೆಯಿಂದ ಅದು ಅಂಗಡಿಗಳಿಂದ ಮರೆಯಾಗುವ ಹೊತ್ತಿಗೆ ಸಾವಿರಾರು ಮಕ್ಕಳಿಗೆ ಹಾನಿಯಾಗಿತ್ತು. ಆ ಹಾನಿಯೂ ಗರ್ಭ ನಿಂತ ಮೊದಲ ಕೆಲವೇ ವಾರಗಳಲ್ಲಿ, ಎಷ್ಟೋ ವೇಳೆ ತಾಯಿಗೇ ಬಸಿರು ಖಚಿತವಾಗುವ ಮುನ್ನ, ಘಟಿಸಿದುದು. ಅಂದಿನಿಂದ ಈ ತಿಂಗಳುಗಳಲ್ಲಿ ವೈದ್ಯರು ನಿದ್ರೆಯ ಮಾತ್ರೆಯನ್ನು ಬರೆಯಲು ಹಿಂಜರಿಯುತ್ತಾರೆ; ಅವರು ಬರೆಯದುದನ್ನು ಅಂಗಡಿಯಿಂದ ತಂದು ನುಂಗಬಾರದೆಂಬುದೂ ಅಂದಿನ ಪಾಠವೇ.

ನಿದ್ರೆಯನ್ನು ಅಳೆಯುವ ವಿದ್ಯೆ ಬೆಳೆದುದು 1953ರಲ್ಲಿ ಷಿಕಾಗೋ ನಗರದಲ್ಲಿ ಆಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಕನಸಿನ ನಿದ್ರೆಯ ಕಣ್ಚಲನೆಗಳನ್ನು ಗುರುತಿಸಿದ ಮೇಲೆ. ಆದರೂ ಶೋಧಕರು ಬಹುಕಾಲ ಹೊಟ್ಟೆ ಭಾರವಾದ ಕೊನೆಯ ತಿಂಗಳುಗಳನ್ನೇ ಹೆಚ್ಚಾಗಿ ಪರೀಕ್ಷಿಸಿದರು. 2000ದಲ್ಲಿ ಅಮೆರಿಕದ ಕ್ಯಾಥ್ರಿನ್ ಲೀ ಮತ್ತು ಸಂಗಡಿಗರು, ಬಸುರಾಗುವುದಕ್ಕೆ ಮೊದಲಿನಿಂದಲೇ ಸ್ತ್ರೀಯರ ನಿದ್ರೆಯನ್ನು ಅಳೆಯುತ್ತ ಬಂದು, ಮೂರನೆಯ ತಿಂಗಳ ಹೊತ್ತಿಗೆ ನಿದ್ರೆಯ ಅವಧಿ ಹೆಚ್ಚಿದರೂ ಗಾಢನಿದ್ರೆಯ ಪಾಲು ತಗ್ಗುವುದೆಂದು ಪ್ರಕಟಿಸಿದರು. ಹೆಚ್ಚು ಮಲಗಿಯೂ ದಣಿವಾರದೆನ್ನುವ ಬಸುರಿಯ ದೂರು ಹೀಗೆ ಯಂತ್ರದ ಸಾಕ್ಷ್ಯವನ್ನು ಪಡೆಯಿತು. ನಿದ್ರಾಹೀನತೆಯೇ ವ್ಯಾಧಿಯಾದವರಿಗೆ, ಹಾಸಿಗೆಯಲ್ಲಿ ಕಳೆಯುವ ವೇಳೆಯನ್ನು ಮಿತಗೊಳಿಸಿ ಚಿಂತೆಯ ಜಾಡನ್ನು ತಿದ್ದುವ ಮಾತಿನ ಚಿಕಿತ್ಸೆಯು ಬಸುರಿಯರಲ್ಲಿಯೂ ಫಲಿಸುವುದೆಂದು 2019ರಲ್ಲಿ ರೇಚಲ್ ಮ್ಯಾನ್‌ಬರ್ ಅವರ ಪ್ರಯೋಗ ತೋರಿಸಿತು.

ಇಷ್ಟೆಲ್ಲ ವಿದ್ಯೆಯಿಂದ ಮನೆಗೆ ದಕ್ಕಿದ ಉಪದೇಶ ಸರಳವಾದುದು. ಮಧ್ಯಾಹ್ನ ಅರ್ಧ ಗಂಟೆಯ ನಿದ್ರೆಯನ್ನು ಇಂದಿನ ವೈದ್ಯರು ನಿಷೇಧಿಸುವುದಿಲ್ಲ. ಅದು ಸಂಜೆಗೆ ಸರಿಯದಿದ್ದರೆ ಸಾಕು. ನೀರನ್ನು ಹಗಲಿನಲ್ಲಿ ಹೆಚ್ಚಾಗಿ ಕುಡಿದು ರಾತ್ರಿಗೆ ತಗ್ಗಿಸಿದರೆ ಮೂತ್ರಕ್ಕೆಂದು ಏಳುವುದು ಕಡಮೆಯಾಗುವುದು. ಮುಂಜಾನೆಯ ವಾಕರಿಕೆಯವಳು ದಿಂಬಿನ ಪಕ್ಕದಲ್ಲಿ ಒಂದು ಉಸ್ಮಾನಿಯಾ ಬಿಸ್ಕತ್ತನ್ನಿರಿಸಿಕೊಂಡು, ಏಳುವ ಮೊದಲೇ ತಿನ್ನುವುದು ಲೇಸು. ಆದರೆ ಆ ಬಿಸ್ಕತ್ತಿನ ಸಂಗಾತಿಯಾದ ಇರಾನಿ ಚಹಾವನ್ನು ಊಟದ ಬೆನ್ನಿಗೇ ಕುಡಿದರೆ ಅದರ ಟ್ಯಾನಿನ್ ಅನ್ನದಲ್ಲಿನ ಕಬ್ಬಿಣವನ್ನು ಕರುಳಿಗೆ ದಕ್ಕಗೊಡದು; ಊಟಕ್ಕೂ ಚಹಾಕ್ಕೂ ಒಂದು ಗಂಟೆಯ ಅಂತರವಿರಲೆಂದು ತಾರ್ನಾಕದ ಸಂಸ್ಥೆಯೇ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ಮೆಟ್ಟಿಲೇರಿದರೆ ಏದುಸಿರು, ಎದೆಬಡಿತ, ರಾತ್ರಿ ಕಾಲುಗಳ ತಡೆಯಲಾರದ ಚಡಪಡಿಕೆ, ವಾರಗಟ್ಟಲೆ ಆರದ ದುಃಖ ಇವುಗಳಿದ್ದರೆ ಮಾತ್ರ ಅದು ಸಹಜವಾದ ದಣಿವಲ್ಲದಿರಬಹುದು. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆಗಳನ್ನು ಮಾಡಿಸಿಯೇ ತೀರಬೇಕು.

ಆದರೆ ನಮ್ಮ ವ್ಯವಸ್ಥೆಯ ಹೆಚ್ಚಿನ ಉಪಚಾರಗಳು ದಣಿವಿನ ಕಾಲ ಕಳೆದ ಮೇಲೆಯೇ ಆರಂಭವಾಗುತ್ತವೆ. ಸರ್ಕಾರದ ಕಬ್ಬಿಣದ ಮಾತ್ರೆಗೆ ನಾಲ್ಕನೆಯ ತಿಂಗಳು ಬರಬೇಕು. ಸೀಮಂತದ ಕುಬುಸಕ್ಕೆ ಅದಕ್ಕೂ ತಡ. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಂದ ತಿದ್ದುಪಡಿಯು ರಜೆಯನ್ನು 26 ವಾರಗಳವರೆಗೆ ಏರಿಸಿದರೂ, ಹೆರಿಗೆಗೆ ಮೊದಲು ಅದರಲ್ಲಿ 8 ವಾರಗಳಿಗಿಂತ ಹೆಚ್ಚು ಸಲ್ಲದು. ಮೂರು ತಿಂಗಳು ತುಂಬುವವರೆಗೆ ಸುದ್ದಿಯನ್ನು ಹೊರಗೆ ಹೇಳಬಾರದೆಂಬ ನಮ್ಮ ಸಂಪ್ರದಾಯವೂ ಅದೇ ದಿನಗಳ ಮೇಲೆ ಮುಸುಕೆಳೆಯುತ್ತದೆ. ಹೈಟೆಕ್ ಸಿಟಿಯ ಕಚೇರಿಯಲ್ಲಿ ಅಮೆರಿಕದ ಹಗಲಿಗೆ ತನ್ನ ಇರುಳನ್ನು ಒಪ್ಪಿಸಿ, ಬೆಳಗಿನ ಬಸ್ಸಿನಲ್ಲಿ ಕಂಬ ಹಿಡಿದು ನಿಂತೇ ಮನೆಗೆ ಮರಳುವ ಎರಡು ತಿಂಗಳ ಬಸುರಿಗೆ ಯಾರೂ ಎದ್ದು ಜಾಗ ಬಿಡುವುದಿಲ್ಲ; ಬಿಡಬೇಕೆಂದು ಅವರಿಗೆ ತಿಳಿದಿರುವುದೂ ಇಲ್ಲ.