ಪಿಂಗ್: ಸರ್ವರಿನ ನಾಡಿ ನೋಡುವ ಆದೇಶ

ದೂರದ ಸರ್ವರ್ ಎಚ್ಚರವಾಗಿದೆಯೇ ಎಂದು ತಿಳಿಯಲು ಬಳಸುವ ಅತಿ ಸರಳ ಸಾಧನ ‘ಪಿಂಗ್’. ಅಮೆರಿಕ ಸೇನೆಯ ಬ್ಯಾಲಿಸ್ಟಿಕ್ ಸಂಶೋಧನಾ ಪ್ರಯೋಗಾಲಯದಲ್ಲಿದ್ದ ಮೈಕ್ ಮೂಸ್ ಇದನ್ನು 1983ರ ಡಿಸೆಂಬರ್‌ನಲ್ಲಿ ರಚಿಸಿದರು. ಜಲಾಂತರ್ಗಾಮಿಗಳನ್ನು ಪತ್ತೆಹಚ್ಚುವ ಸೋನಾರ್ ಉಪಕರಣದ ಧ್ವನಿಯೇ ಈ ಹೆಸರಿಗೆ ಮೂಲ.

ಕಮಾಂಡ್ ಲೈನಿನಲ್ಲಿ ‘ಪಿಂಗ್’ ಎಂದು ಬರೆದು, ಮುಂದೆ ಸರ್ವರಿನ ಹೆಸರನ್ನೋ ಐ.ಪಿ. ವಿಳಾಸವನ್ನೋ ನೀಡಿದರೆ ಚಿಕ್ಕ ಸಂದೇಶಗಳು ಹೊರಡುತ್ತವೆ. ಸರ್ವರ್ ಅವನ್ನು ಮರುದನಿಯಂತೆ ಹಿಂತಿರುಗಿಸುತ್ತದೆ. ಹೋಗಿಬರಲು ಹಿಡಿದ ಕಾಲ ಮಿಲಿಸೆಕೆಂಡುಗಳಲ್ಲಿಯೂ, ಕಳೆದುಹೋದ ಸಂದೇಶಗಳ ಪ್ರಮಾಣ ಶೇಕಡಾವಾರಿನಲ್ಲಿಯೂ ಕಾಣುತ್ತದೆ. ವಿಂಡೋಸ್ ನಾಲ್ಕು ಸಂದೇಶ ಕಳುಹಿಸಿ ನಿಲ್ಲುತ್ತದೆ. ಲಿನಕ್ಸ್‌ನಲ್ಲಿ ನಾವು ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒತ್ತುವವರೆಗೂ ಕೆಲಸ ಮುಂದುವರಿಯುತ್ತದೆ.

ಆದರೆ ಉತ್ತರ ಬಂದ ಮಾತ್ರಕ್ಕೆ ಸೇವೆ ನಡೆಯುತ್ತಿದೆ ಎನ್ನಲಾಗದು. ಬ್ಯಾಂಕಿನ ಬಾಗಿಲು ತೆರೆದಿದ್ದರೂ ಕೌಂಟರಿನಲ್ಲಿ ಕ್ಯಾಷಿಯರ್ ಇಲ್ಲದಿರಬಹುದಲ್ಲವೇ? ಹಾಗೆಯೇ ಯಂತ್ರ ಎಚ್ಚರವಿದ್ದೂ ವೆಬ್ ಸೇವೆ ಸ್ಥಗಿತಗೊಂಡಿರಬಹುದು. ಫೈರ್‌ವಾಲ್ ತಡೆದಾಗ ಸುಸ್ಥಿತಿಯಲ್ಲಿರುವ ಸರ್ವರ್ ಕೂಡ ಮೌನವಾಗಿರುವುದುಂಟು. ಆದುದರಿಂದ ಪಿಂಗ್ ಬಳಿಕ, ದೊಡ್ಡಕ್ಷರದ ‘ಐ’ ಆಯ್ಕೆಯೊಡನೆ ‘ಕರ್ಲ್’ ಆದೇಶ ನೀಡಿ ಜಾಲತಾಣವನ್ನೇ ವಿಚಾರಿಸಬೇಕು. 200 ಎಂಬ ಸಂಕೇತ ಬಂದರೆ ಪುಟ ದೊರೆಯುತ್ತಿದೆ. 500 ಅಥವಾ 503 ಬಂದರೆ ದೋಷ ಸರ್ವರ್ ಕಡೆಯದು.